ಕತಾರಿನ ಬಯಲಿನಲ್ಲಿ ತಮ್ಮನ ಹೆಸರು ಕರೆದದ್ದು

ದೋಹಾ, ಇಳಿದ ದಿನ

ಕತಾರಿಗೆ ಹೋಗಿಬಂದ ನಮ್ಮ ಊರಿನವರು ಅಲ್ಲಿಯ ರಸ್ತೆ, ಅಲ್ಲಿಯ ಕಾರು, ಅಲ್ಲಿಯ ಎಸಿ ಎಂದು ಗಂಟೆಗಟ್ಟಲೆ ಹೇಳುತ್ತಾರೆ. ಊರು ಹೇಗಿದೆ ಎಂದು ಕೇಳಿದರೆ ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ. ಹೋಗಿ ನೋಡಿದ ಮೇಲೆ ಕಾರಣ ಗೊತ್ತಾಯಿತು. ಹೇಳಲಿಕ್ಕೆ ಅಲ್ಲಿ ಊರೇ ಇಲ್ಲ.

ನಾನು ಹೋದದ್ದು ದೇಶ ನೋಡಲಿಕ್ಕಲ್ಲ. ನನ್ನ ತಮ್ಮ ವಿಶ್ವನಾಥ ಆ ದೇಶದ ವಾಯವ್ಯ ಮೂಲೆಯ ಒಂದು ಹಳ್ಳಿಗಾಡಿನಲ್ಲಿ ಹನ್ನೊಂದು ವರ್ಷ ನೀರಿನ ಟ್ಯಾಂಕರ್ ಓಡಿಸಿದ. ಹಿಂದಿನ ಜನವರಿಯ ಒಂದು ಬೆಳಿಗ್ಗೆ ಅಲ್ಲೇ, ಬಯಲಿನಲ್ಲಿ, ಟ್ಯಾಂಕರಿನ ಪಕ್ಕದಲ್ಲಿ ಎದೆನೋವು ಬಂದು ತೀರಿಕೊಂಡ. ನಲವತ್ತೊಂದು ವರ್ಷ. ಮದುವೆ ಆಗಿರಲಿಲ್ಲ. ಪೆಟ್ಟಿಗೆಯಲ್ಲಿ ಮನೆಗೆ ಬಂದ. ಸುಟ್ಟೆವು. ಹದಿಮೂರನೆಯ ದಿನ ಬೊಜ್ಜ ಮಾಡಿದೆವು. ಪೆಟ್ಟಿಗೆಯ ಜೊತೆ ಬಂದ ಕಾಗದಗಳಲ್ಲಿ ಒಂದು ಸಾಲು ಇತ್ತು: ಮರಣದ ವೇಳೆ ಸ್ಥಳದಲ್ಲಿ ಯಾರೂ ಇರಲಿಲ್ಲ. ಅದನ್ನು ಓದಿ ಹೇಳಿದವಳು ನಾನೇ. ಓದಬಾರದಿತ್ತು. ಇಡೀ ಊರಿಗೆ ನೀರು ಹಂಚಿದ ಮಗನ ಬಾಯಿಗೆ ಕೊನೆಗೆ ಒಂದು ತೊಟ್ಟು ನೀರು ಬಿಡಲು ಜನ ಇರಲಿಲ್ಲ ಎಂದು ಅಮ್ಮ ಅಂದು ಊಟ ಮುಟ್ಟಲಿಲ್ಲ.

ತುಳುವರಾದ ನಮ್ಮಲ್ಲಿ ಒಂದು ಕ್ರಮವಿದೆ. ಬೊಜ್ಜದ ದಿನ ಸತ್ತವರನ್ನು ಹೆಸರು ಹಿಡಿದು ಕರೆದು ಮನೆಯ ಒಳಗೆ ಬರಮಾಡಿಕೊಳ್ಳುತ್ತೇವೆ. ಎಲೆ ಹಾಕಿ ಬಡಿಸಿ, ಬಾಗಿಲು ಎಳೆದು, ಹೊರಗೆ ಕಾಯುತ್ತೇವೆ. ವಿಶುವಿಗೂ ಹಾಗೆಯೇ ಮಾಡಿದೆವು. ಬಾಗಿಲು ತೆರೆದಾಗ ಅಮ್ಮ ಎಲೆಯನ್ನು ನೋಡಿ, "ಬರಲಿಲ್ಲ" ಎಂದಳು. ಮತ್ತೆ ಎಷ್ಟು ತಿಂಗಳಾದರೂ ಅದೇ ಮಾತು. ಬಾಯಾರಿಕೊಂಡು ಅಲ್ಲೇ ತಿರುಗುತ್ತಿದ್ದಾನೆ, ದಾರಿ ಗೊತ್ತಾಗುತ್ತಿಲ್ಲ.

ಕೊನೆಗೆ ನಮ್ಮ ಕ್ರಮಗಳನ್ನೆಲ್ಲ ನಡೆಸಿಕೊಡುವ ಹಿರಿಯರಾದ ಗುರಿಕಾರರನ್ನು ಕೇಳಿದೆವು. ಪ್ರಾಣ ಹೋದ ಜಾಗಕ್ಕೇ ಯಾರಾದರೂ ಹೋಗಿ, ಮೂರು ಸಲ ಹೆಸರು ಕರೆದು, ಅಲ್ಲಿಯ ಒಂದು ಕಲ್ಲನ್ನು ಹೊಸ ಬೈರಾಸಿನಲ್ಲಿ ಕಟ್ಟಿ ತರಬೇಕು ಎಂದರು. ಕರೆದ ಮೇಲೆ ತಿರುಗಿ ನೋಡಬಾರದು. ಮನೆಯ ಹೊಸ್ತಿಲು ದಾಟುವ ತನಕ ಮಾತಾಡಬಾರದು. ಮಾತಾಡಿದರೆ ಹಿಂದೆ ಬರುತ್ತಿದ್ದವನು ಅಲ್ಲೇ ನಿಲ್ಲುತ್ತಾನೆ.

"ನಡುವೆ ವಿಮಾನ ಉಂಟಲ್ಲ," ಎಂದೆ ನಾನು. "ಬೊಂಬಾಯಿಯಲ್ಲಿ ಪಾಸ್‌ಪೋರ್ಟ್ ಹಿಡಿದುಕೊಂಡು ಪ್ರಶ್ನೆ ಕೇಳ್ತಾರೆ. ಉತ್ತರ ಕೊಡದಿದ್ರೆ ಬಿಡ್ತಾರಾ?"

ಗುರಿಕಾರರು ಸ್ವಲ್ಪ ಹೊತ್ತು ಎಲೆಯಡಿಕೆ ಜಗಿದು, ಅಲ್ಲಿ ಯಾರಾದರೂ ಸಂಬಂಧಿಕರ ಮನೆ ಇದ್ದರೆ ಅದರ ಹೊಸ್ತಿಲು ದಾಟಿದರೂ ಸಾಕು ಎಂದು ರಿಯಾಯಿತಿ ಕೊಟ್ಟರು. ನಮ್ಮದು ತಾಯಿಯ ಕಡೆಯಿಂದ ಲೆಕ್ಕ ಹಿಡಿಯುವ ಮನೆ. ಕರೆಯಬೇಕಾದವಳು ಅಕ್ಕ. ಹೀಗೆ, ಹೊಲಿಗೆ ಕಲಿಸಿಕೊಂಡು ಮೂಲ್ಕಿ ಬಿಟ್ಟು ಮಂಗಳೂರಿನ ಆಚೆ ಹೋಗದಿದ್ದ ನಾನು ಐವತ್ತರ ಹತ್ತಿರ ವಿಮಾನ ಹತ್ತಿದೆ.

ದೋಹಾದ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ನೋಡುವವನು ನನ್ನ ಬೈರಾಸನ್ನು ಬಿಡಿಸಿದ, ಕೊಡವಿದ, ಬೆಳಕಿಗೆ ಹಿಡಿದ, ಮೂಸಿದ. ಇಷ್ಟು ದೂರದಿಂದ ಒಬ್ಬಳು ಹೆಂಗಸು ಒಂದು ಖಾಲಿ ಟವೆಲನ್ನು ಇಷ್ಟು ಜೋಪಾನವಾಗಿ ಮಡಚಿಕೊಂಡು ಬಂದದ್ದು ಅವನಿಗೆ ಸರಿಕಾಣಲಿಲ್ಲ. ನನ್ನ ಹಿಂದಿದ್ದವನ ಪೆಟ್ಟಿಗೆಯಲ್ಲಿ ಒಣಮೀನು ಇತ್ತು. ಅದನ್ನು ಮುಟ್ಟದೆ ಬಿಟ್ಟ.

ಅಲ್ ಗರಾಫಾ

ನಾನು ಉಳಿದದ್ದು ಚಿಕ್ಕಮ್ಮನ ಮಗ ಜಗನ್ನಾಥನ ಮನೆಯಲ್ಲಿ. ಜಗ್ಗು ಎಂದೇ ನಾವು ಕರೆಯುವುದು. ಅವನು ವಿಲ್ಲಾದಲ್ಲಿದ್ದಾನೆ ಎಂದು ಊರಲ್ಲಿ ಚಿಕ್ಕಮ್ಮ ಹೇಳಿಕೊಂಡು ತಿರುಗುತ್ತಾಳೆ. ವಿಲ್ಲಾ ಹೌದು. ಅದನ್ನು ಹಲಗೆ ಹೊಡೆದು ನಾಲ್ಕು ಮಾಡಿದ್ದಾರೆ. ಜಗ್ಗುವಿನ ಪಾಲಿಗೆ ಬಂದದ್ದು ಎರಡು ಕೋಣೆ, ಯಾರದೋ ಸ್ನಾನದ ಕೋಣೆಯನ್ನು ಒಡೆದು ಮಾಡಿದ ಒಂದು ಅಡುಗೆಮನೆ. ಪಕ್ಕದ ಮನೆಯವರು ಸೀನಿದರೆ ನಮಗೆ ಕೇಳುತ್ತದೆ. ನಮ್ಮೂರಿನಲ್ಲಿ ಬೇಸಾಯದ ಎತ್ತಿಗೆ ಇದಕ್ಕಿಂತ ಗಾಳಿಯಾಡುವ ಜಾಗ ಕೊಡುತ್ತಾರೆ.

"ಅಲ್ಲಿ ಎಂತ ಉಂಟಕ್ಕ?" ಎಂದ ಜಗ್ಗು. ವಿಶು ಇದ್ದ ಜಾಗದ ಬಗ್ಗೆ. "ಅದು ಏರಿಯಾವೇ ಅಲ್ಲ. ನಾನು ನಮ್ಮ ಕಂಪನಿಯಲ್ಲೇ ಡ್ರೈವರ್ ಪೋಸ್ಟ್ ಮಾಡಿಸ್ತೇನೆ ಅಂತ ಎಷ್ಟು ಸಲ ಹೇಳಿದ್ದೇನೆ ಗೊತ್ತುಂಟಾ? ಅವನಿಗೆ ದೋಹಾ ಬೇಡವಂತೆ. ಜನ ಜಾಸ್ತಿಯಂತೆ."

"ನೀನು ಹೋಗಿದ್ದೀಯಾ ಅಲ್ಲಿಗೆ?"

"ಒಮ್ಮೆ ಸಂಘದ ಪಿಕ್ನಿಕ್ ಇತ್ತು."

ಆ ಪಿಕ್ನಿಕ್ಕಿನ ಫೋಟೋಗಳನ್ನು ಅವನ ಹೆಂಡತಿ ಸುಮತಿ ತೋರಿಸಿದಳು. ಹದಿನೈದು ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಅದರ ನೆರಳಿನಲ್ಲಿ ಚಾಪೆ ಹಾಸಿ, ದೋಹಾದಿಂದ ಕಟ್ಟಿಕೊಂಡು ಹೋದ ಬಿರಿಯಾನಿಯನ್ನು ದೋಹಾದವರೇ ದೋಹಾದವರಿಗೆ ಬಡಿಸುತ್ತಿದ್ದಾರೆ. ಹೌಸಿ ಆಡುತ್ತಿದ್ದಾರೆ. ಒಂದು ಫೋಟೋದ ಮೂಲೆಯಲ್ಲಿ ಟ್ಯಾಂಕರಿನ ಮೂತಿ ಕಾಣುತ್ತದೆ. "ಅದು ವಿಶಣ್ಣನದ್ದೇ ಅತ್ತಿಗೆ, ಕೈ ತೊಳೀಲಿಕ್ಕೆ ನೀರು ತಂದಿದ್ರು," ಎಂದಳು ಸುಮತಿ. ಊಟಕ್ಕೆ ಕೂತನಾ ಎಂದು ನಾನು ಕೇಳಲಿಲ್ಲ. ಫೋಟೋದಲ್ಲಿ ಅವನು ಕೂತಿರಲಿಲ್ಲ.

ಅವರ ಮಗಳು ನನ್ನ ಬೈರಾಸನ್ನು ಹಿಡಿದುಕೊಂಡು, "ಅತ್ತೆ, ಇದು ಫಾರ್ ವಾಟ್?" ಎಂದು ಕೇಳಿತು. ಜಗ್ಗು ಅದರ ಕೈಯಿಂದ ತೆಗೆದು ಒಳಗಿಟ್ಟ. ಅವನಿಗೆ ಈ ಕೆಲಸದ ಬಗ್ಗೆ ನಾಚಿಕೆಯೂ ಇತ್ತು, ಹೆದರಿಕೆಯೂ ಇತ್ತು.

"ಅಕ್ಕ, ಅಲ್ಲಿ ಬೊಬ್ಬೆ ಹಾಕಬೇಡ. ಯಾರಾದ್ರೂ ನೋಡಿದ್ರೆ ಎಂತ ಹೇಳೋದು? ಮೆಲ್ಲ ಕರಿ."

"ಮೆಲ್ಲ ಕರೆದರೆ ಅವನಿಗೆ ಕೇಳಬೇಡವಾ?"

"ಸತ್ತವನಿಗೆ ಮೆಲ್ಲ ಆದ್ರೆ ಎಂತ, ಜೋರಾದ್ರೆ ಎಂತ ಮಾರಾಯ್ತಿ?"

ಅವನು ಜೊತೆಗೆ ಬರಲಿಲ್ಲ. ಅವತ್ತು ಆಫೀಸಿನಲ್ಲಿ ಮೀಟಿಂಗ್ ಇತ್ತಂತೆ.

ವಾಯವ್ಯದ ರಸ್ತೆ

ನನ್ನನ್ನು ಕರೆದುಕೊಂಡು ಹೋಗಲು ಬಂದವರು ಹಮೀದ್. ಉಪ್ಪಿನಂಗಡಿಯ ಬ್ಯಾರಿ. ವಿಶುವಿನ ಜೊತೆ ಒಂದೇ ಕೋಣೆಯಲ್ಲಿ ಒಂಬತ್ತು ವರ್ಷ ಇದ್ದವರು. ವಿಶು ನೀರಿನ ಟ್ಯಾಂಕರ್ ಓಡಿಸಿದರೆ ಇವರು ಕಸದ ಲಾರಿ ಓಡಿಸುತ್ತಿದ್ದರು. ಅಂದು ಬೆಳಿಗ್ಗೆ ವಿಶುವನ್ನು ಮೊದಲು ಕಂಡವರೂ ಇವರೇ. ಯಾರದೋ ಪಿಕಪ್ ಕೇಳಿ ತಂದಿದ್ದರು. ಸೀಟಿನ ಮೇಲೆ ನನಗಾಗಿ ಒಗೆದ ಬೆಡ್‌ಶೀಟ್ ಹಾಸಿದ್ದರು. ನಾವು ದಾರಿಯುದ್ದಕ್ಕೂ ತುಳುವಿನಲ್ಲೇ ಮಾತಾಡಿದೆವು.

ಮರುಭೂಮಿ ಎಂದರೆ ನಾನು ಕ್ಯಾಲೆಂಡರಿನಲ್ಲಿ ನೋಡಿದ್ದೆ. ಹೊನ್ನಿನ ಬಣ್ಣದ ಮರಳು, ಅಲೆ ಅಲೆಯಾಗಿ. ಇಲ್ಲಿ ಅದೂ ಇಲ್ಲ. ಮರಳು ದಕ್ಷಿಣದ ಕಡೆ ಉಂಟು ಎಂದರು ಹಮೀದ್. ಈ ಕಡೆ ಬರೀ ಕಲ್ಲು. ಅದೂ ಒಂದು ಬಂಡೆಯಲ್ಲ, ಬೆಟ್ಟವಲ್ಲ. ಮನೆ ಕೆಡವಿದ ಮೇಲೆ ಉಳಿಯುತ್ತದಲ್ಲ, ಆ ಥರದ ಬಿಳಿಚಿದ ಪುಡಿಗಲ್ಲು. ಕಣ್ಣು ಹಾಯುವ ತನಕ ಅದೇ. ಏನನ್ನೋ ಕಟ್ಟಲು ಹೊರಟ ದೇವರು ಸಾಮಾನು ಇಳಿಸಿ ಮರೆತು ಹೋದ ಹಾಗೆ.

"ಅದೋ ಗುಡ್ಡೆ," ಎಂದು ಹಮೀದ್ ಒಮ್ಮೆ ತೋರಿಸಿದರು.

"ಎಲ್ಲಿ?"

"ಈಗ ದಾಟಿದೆವಲ್ಲ ಅಕ್ಕಾ."

ಇನ್ನೊಂದು ಕಡೆ ಗಾಡಿ ನಿಧಾನ ಮಾಡಿದರು. ನೆಲ ಸ್ವಲ್ಪ ತಗ್ಗಾಗಿತ್ತು. ಚಳಿಗಾಲದಲ್ಲಿ ಒಂದೆರಡು ಮಳೆ ಬಿದ್ದರೆ ನೀರು ಅಲ್ಲಿಗೆ ಹರಿದು ಬಂದು ಹುಲ್ಲು ಚಿಗುರುತ್ತದಂತೆ. ಅಂಥ ತಗ್ಗಿಗೆ ರೌದಾ ಎಂದು ಹೆಸರು, ಒಂದೊಂದು ರೌದಾಕ್ಕೂ ಒಂದೊಂದು ಹೆಸರು. ನೋಡಿದೆ. ನನ್ನ ತಲೆಯ ಮೇಲೆ ಉಳಿದ ಕೂದಲಿನಷ್ಟು ಹಸಿರು ಇತ್ತು. ನಮ್ಮಲ್ಲಿ ಬಾವಿಕಟ್ಟೆಯ ಬಿರುಕಿನಲ್ಲಿ ಅದಕ್ಕಿಂತ ಹೆಚ್ಚು ಹುಟ್ಟುತ್ತದೆ, ನಾವು ಅದನ್ನು ಕಿತ್ತು ಬಿಸಾಡುತ್ತೇವೆ. ಇಲ್ಲಿ ಹೆಸರಿಟ್ಟಿದ್ದಾರೆ.

"ವಿಶು ಇಲ್ಲಿ ಶುಕ್ರವಾರ ಬಂದು ಕೂರ್ತಿದ್ದ," ಎಂದರು ಹಮೀದ್.

"ಏನು ಮಾಡ್ಲಿಕ್ಕೆ?"

"ಎಂತ ಮಾಡ್ಲಿಕ್ಕೂ ಇಲ್ಲ. ಸುಮ್ಮನೆ."

ಹನ್ನೊಂದು ಜನ ಇದ್ದ ಮನೆಯಲ್ಲಿ ಹುಟ್ಟಿ, ಮಲಗುವಾಗಲೂ ಇಬ್ಬರ ನಡುವೆ ಮಲಗಿ ಬೆಳೆದವನು ಅವನು. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಅಲ್ಲಿ ಹೇಗಿದೆ ಎಂದು ಕೇಳಿದರೆ, "ಒಳ್ಳೆದುಂಟಕ್ಕ, ಬಯಲು ಉಂಟು" ಎನ್ನುತ್ತಿದ್ದ. ಗದ್ದೆಬಯಲು ಇರಬೇಕು ಎಂದು ತಿಳಿದಿದ್ದೆ. ಈ ಕಲ್ಲುಪುಡಿಗಾಗಿ ನಮ್ಮನ್ನೆಲ್ಲ ಬಿಟ್ಟು ಇದ್ದನೇ ಎಂದು ನನಗೆ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಯಾರ ಮೇಲೆ ಮಾಡಬೇಕು ಎಂದು ಹೇಳುವುದಿಲ್ಲ.

ಬಲದಿಯಾ

ಆ ಪ್ರದೇಶಕ್ಕೆಲ್ಲ ಒಂದು ಪುರಸಭೆ. ಬಲದಿಯಾ ಎನ್ನುತ್ತಾರೆ. ಅದರ ಹೆಸರು ಬರೆಯುವುದಿಲ್ಲ. ನನಗೆ ಅಲ್ಲಿ ಮೂರು ಲೋಟ ಚಹಾ ಕೊಟ್ಟಿದ್ದಾರೆ.

ಬಲದಿಯಾ ಇರುವ ಪೇಟೆಯಲ್ಲಿ ಒಂದು ಮಸೀದಿ, ಒಂದು ಶಾಲೆ, ಒಂದು ಪೆಟ್ರೋಲ್ ಪಂಪು, ಮಲೆಯಾಳಿಯೊಬ್ಬನ ಕೆಫೆಟೇರಿಯಾ, ಮತ್ತೊಬ್ಬ ಮಲೆಯಾಳಿಯ ಕ್ಷೌರದಂಗಡಿ ಉಂಟು. ಚೆಂಡಾಟಕ್ಕೆ ಮೈದಾನ, ಮೈದಾನದ ಸುತ್ತ ಕೂರಲು ಮೆಟ್ಟಿಲು, ಮೆಟ್ಟಿಲಿನ ಮೇಲೆ ಒಂದು ಆಡು. ಉಳಿದದ್ದು ಗೋಡೆ. ಗೋಡೆಯ ಒಳಗೆ ಮನೆಗಳಿವೆಯಂತೆ. ಮನೆಯವರಲ್ಲಿ ಹೆಚ್ಚಿನವರು ದೋಹಾದಲ್ಲಿದ್ದಾರಂತೆ. ತೋಟಗಳಿವೆಯಂತೆ, ತೋಟದ ಧನಿಗಳೂ ದೋಹಾದಲ್ಲಿದ್ದಾರಂತೆ. ಹಾಗಾದರೆ ಈ ಬಲದಿಯಾ ಆಳುವುದು ಯಾರನ್ನು ಎಂದು ಕೇಳಿದೆ.

ಹಮೀದ್ ಲೆಕ್ಕ ಹಾಕಿದರು. "ನನ್ನನ್ನು, ಪಂಪಿನವನನ್ನು, ತೋಟ ನೋಡುವ ಬಂಗಾಲಿಗಳನ್ನು. ಮತ್ತೆ ಒಂಟೆ. ಒಂಟೆ ರಸ್ತೆಗೆ ಬಂದ್ರೆ ಇವರದ್ದೇ ಜವಾಬ್ದಾರಿ."

ನಮ್ಮ ಪಂಚಾಯತಿನಲ್ಲಿ ಒಂದು ನಳ್ಳಿಗಾಗಿ ಹದಿನಾರು ಸದಸ್ಯರು ಕುರ್ಚಿ ಎತ್ತುತ್ತಾರೆ. ಕುರ್ಚಿಗಳೂ ಗಟ್ಟಿ ಇಲ್ಲ. ಇಲ್ಲಿ ಅಮೃತಶಿಲೆಯ ನೆಲ, ಮೆತ್ತನೆಯ ಸೋಫಾ, ಜಗಳಕ್ಕೆ ಜನ ಇಲ್ಲ. ಗೋಡೆಯ ಮೇಲೆ ಇಡೀ ಪುರಸಭೆಯ ದೊಡ್ಡ ನಕ್ಷೆ. ನಾಲ್ಕು ಗೆರೆ, ಆರು ಚುಕ್ಕೆ, ಉಳಿದದ್ದು ಬಿಳಿ. ಚೌಕಟ್ಟು ಮಾತ್ರ ಬಹಳ ಚೆನ್ನಾಗಿತ್ತು.

ನಾವು ಅಲ್ಲಿಗೆ ಹೋದದ್ದಕ್ಕೆ ಕಾರಣವಿತ್ತು. ವಿಶು ಸತ್ತ ಜಾಗಕ್ಕೆ ಗುರುತಾಗಿ ಹಮೀದ್ ಒಂದು ಹಳೆಯ ಟೈರು ಇಟ್ಟಿದ್ದರು. ಚಳಿಗಾಲ ಮುಗಿದು, ದೋಹಾದಿಂದ ಮೋಜಿಗೆ ಬಂದವರು ಬಯಲಿನಲ್ಲಿ ಹಾಕಿದ್ದ ಡೇರೆಗಳನ್ನು ಕಿತ್ತುಕೊಂಡು ಹೋದ ಮೇಲೆ, ಹಮೀದ್ ರಜೆಯಲ್ಲಿ ಉಪ್ಪಿನಂಗಡಿಗೆ ಹೋಗಿದ್ದಾಗ, ಬಲದಿಯಾದವರು ಬಯಲನ್ನು ಗುಡಿಸಿದರು. ಹೌದು, ಯಾರೂ ಇಲ್ಲದ ಬಯಲನ್ನು ಇವರು ಗುಡಿಸುತ್ತಾರೆ. ಹಮೀದರ ಬದಲಿಗೆ ಬಂದವನು, ಹಮೀದರದ್ದೇ ಲಾರಿಯಲ್ಲಿ, ಆ ಟೈರನ್ನೂ ತುಂಬಿಕೊಂಡು ಹೋಗಿದ್ದ. ನೀರು ಯಾವ ದಿನ ಯಾವ ಡೇರೆಗೆ ಹೋಯಿತು ಎಂಬ ಪುಸ್ತಕವೇನಾದರೂ ಇದೆಯೇ ಎಂದು ಕೇಳಲು ಬಂದಿದ್ದೆವು.

ಮೇಜಿನ ಹಿಂದೆ ಕೂತವನು ಈಜಿಪ್ಟಿನವನು. ಒಳ್ಳೆಯ ಮನುಷ್ಯ. ಸತ್ತವನ ಅಕ್ಕ ಎಂದು ಕೇಳಿ ಎದ್ದು ನಿಂತ. ಎದೆಯ ಮೇಲೆ ಕೈ ಇಟ್ಟ. ಚಹಾ ತರಿಸಿದ. ಆಮೇಲೆ ಪುಸ್ತಕ ಮಾಫಿ ಎಂದ. ಅರಬಿಯಲ್ಲಿ ಮಾಫಿ ಎಂದರೆ ಇಲ್ಲ. ಆದರೆ ಹಾಗೇ ಕಳಿಸಲು ಅವನಿಗೆ ಮನಸ್ಸು ಬರಲಿಲ್ಲ. ಒಂದು ನಮೂನೆ ತೆಗೆದು ನನ್ನ ಹೆಸರು, ತಂದೆಯ ಹೆಸರು, ಗಂಡನ ಹೆಸರು ಎಲ್ಲ ಬರೆದ. ಭೇಟಿಯ ಉದ್ದೇಶ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಹಮೀದ್ ನನ್ನ ಮುಖ ನೋಡಿದರು.

"ಎಂತ ಹೇಳ್ಲಿ ಅಕ್ಕಾ?"

"ಇದ್ದದ್ದು ಹೇಳಿ. ತಮ್ಮನನ್ನು ಕರೆದುಕೊಂಡು ಹೋಗಲಿಕ್ಕೆ ಬಂದಿದ್ದೇನೆ ಅಂತ."

"ಹೇಗೆ ಹೇಳೋದು ಅಕ್ಕಾ, ಅವನನ್ನು ಹೋದ ವರ್ಷವೇ ಇವರೇ ಸಹಿ ಹಾಕಿ ಕಳಿಸಿದ್ದಾರಲ್ಲ!"

ಇಬ್ಬರೂ ಅರಬಿಯಲ್ಲಿ ಸ್ವಲ್ಪ ಹೊತ್ತು ಮಾತಾಡಿದರು. ಕೊನೆಗೆ ಈಜಿಪ್ಟಿನವನು ಒಂದು ಪದ ಬರೆದು, ಠಸ್ಸೆ ಒತ್ತಿ, ನಕ್ಕು ಕೊಟ್ಟ. ಹೊರಗೆ ಬಂದು ಕೇಳಿದಾಗ ಹಮೀದ್ ಸಂಕೋಚದಿಂದ ಹೇಳಿದರು. ಈ ತಿಂಗಳುಗಳಲ್ಲಿ ಇಲ್ಲಿಗೆ ಬರುವವರೆಲ್ಲ ಮೋಜಿಗೆ ಬರುವವರೇ ಆದ್ದರಿಂದ ಅವನು 'ವಿಹಾರ' ಎಂದು ಬರೆದಿದ್ದ. ಆ ಕಾಗದ ಈಗಲೂ ನನ್ನ ಹತ್ತಿರ ಉಂಟು. ನನ್ನ ಜೀವನದಲ್ಲಿ ನಾನು ವಿಹಾರಕ್ಕೆ ಹೋದದ್ದಕ್ಕೆ ಸರಕಾರಿ ದಾಖಲೆ ಅದೊಂದೇ.

ಬಯಲು

ಮುಖ್ಯ ರಸ್ತೆ ಬಿಟ್ಟು ಗಾಡಿ ಕಲ್ಲಿನ ಮೇಲೆ ಕುಣಿಯುತ್ತ ಹೋಯಿತು. ಅಲ್ಲಲ್ಲಿ ಬಿಳಿಯ ಡೇರೆಗಳು. ಎರಡು ಮೂರು ಒಟ್ಟಿಗೆ, ಮತ್ತೆ ಬಹಳ ದೂರಕ್ಕೆ ಇನ್ನೆರಡು. ಇದು ಆ ದೇಶದವರ ಮನರಂಜನೆ. ದೋಹಾದಲ್ಲಿ ತಂಪು ಮಾಡಿದ ಮನೆ, ಮೆತ್ತನೆಯ ಹಾಸಿಗೆ ಎಲ್ಲ ಇರುವವರು ಚಳಿ ಬಂದ ಕೂಡಲೇ ಅದನ್ನೆಲ್ಲ ಬಿಟ್ಟು ಇಲ್ಲಿ ಬಂದು ಬಟ್ಟೆಯ ಮನೆಯಲ್ಲಿ ಚಳಿ ಕಾಯಿಸುತ್ತಾರೆ. ಜೊತೆಗೆ ಜನರೇಟರ್, ಟಿವಿ, ರತ್ನಗಂಬಳಿ, ಕೆಲಸದವರು. ಗಂಡಸರು ಗಿಡುಗವನ್ನು ಕೈ ಮೇಲೆ ಕೂರಿಸಿ ಅದರ ಕಣ್ಣಿಗೆ ಟೊಪ್ಪಿ ಹಾಕುತ್ತಾರೆ. ಹುಡುಗರು ಕಾರನ್ನು ಸುತ್ತಿಸಿದಲ್ಲೇ ಸುತ್ತಿಸಿ ಧೂಳು ಎಬ್ಬಿಸುತ್ತಾರೆ. ಎಲ್ಲಿಗೂ ಹೋಗುವುದಿಲ್ಲ, ಬರೀ ಸುತ್ತುವುದು. ನೆರೆ ಬಂದಾಗ ಶಾಲೆಯ ಜಗಲಿಯಲ್ಲಿ ಹೀಗೇ ಮಲಗಿದವರು ನಾವು. ಅದನ್ನು ಯಾರೂ ಮೋಜು ಎನ್ನಲಿಲ್ಲ.

ಇವರಿಗೆ ಸ್ನಾನಕ್ಕೆ, ಪಾತ್ರೆಗೆ, ಒಂಟೆಗೆ ನೀರು ಬೇಕಲ್ಲ. ಅದನ್ನು ನನ್ನ ತಮ್ಮ ತರುತ್ತಿದ್ದ.

ಹಮೀದ್ ಗಾಡಿ ನಿಲ್ಲಿಸಿದರು. ಇಳಿದು ರಸ್ತೆಯ ಕಡೆ ನೋಡಿದರು. ದೂರದ ನೀರಿನ ಟಾಕಿಯ ಕಡೆ ನೋಡಿದರು. ನಾಲ್ಕು ಹೆಜ್ಜೆ ಎಡಕ್ಕೆ, ಹತ್ತು ಹೆಜ್ಜೆ ಬಲಕ್ಕೆ ನಡೆದರು.

"ಇಲ್ಲೇ ಅಕ್ಕಾ."

"ಸರಿಯಾ?"

"ಇಲ್ಲೇ ಇರಬೇಕು. ಟಾಕಿ ಎಡಗಡೆ ಕಾಣ್ತಿತ್ತು. ಆಗ ಒಂದು ಡೇರೆ ಇತ್ತು ಆಚೆ, ಗಂಡಸರು ಯಾರೂ ಇರಲಿಲ್ಲ ಅದರಲ್ಲಿ, ಹೆಂಗಸರು ಮಾತ್ರ. ಹಾಗಾಗಿ ನಾನು ಆ ಕಡೆ ನೋಡಲೂ ಇಲ್ಲ. ಈ ವರ್ಷ ಅವರು ಬರ್ಲಿಲ್ಲ ಕಾಣ್ತದೆ."

ಬೇರೆ ದಾರಿ ಇರಲಿಲ್ಲ. ಹಮೀದ್ ದೂರ ಹೋಗಿ ಬೆನ್ನು ಹಾಕಿ ನಿಂತರು. "ಇದು ನಮ್ಮಲ್ಲಿಲ್ಲ ಅಕ್ಕಾ, ಸತ್ತವರನ್ನು ಕರೆಯೋದು. ಆದ್ರೆ ನಿಮ್ಮ ಜೊತೆ ನಿಲ್ಲಲಿಕ್ಕೆ ಎಂತ ತೊಂದರೆ," ಎಂದು ಮೊದಲೇ ಹೇಳಿದ್ದರು.

ಮೊದಲನೆಯ ಸಲ ಜಗ್ಗು ಹೇಳಿದ ಹಾಗೆ ಮೆಲ್ಲ ಕರೆದೆ. ಎರಡನೆಯ ಸಲ, ಬಚ್ಚಲಿಗೆ ಹೋದವನನ್ನು ಊಟಕ್ಕೆ ಕರೆಯುವ ಹಾಗೆ ಬಂತು. ಮೂರನೆಯ ಸಲ ಬೊಬ್ಬೆಯೇ ಹಾಕಿದೆ. "ವಿಶೂ, ಬಾ, ಮನೆಗೆ ಹೋಗುವ." ನಮ್ಮೂರಲ್ಲಿ ಹೀಗೆ ಕರೆದರೆ ಎದುರಿನ ಗುಡ್ಡೆಯಾದರೂ ಒಮ್ಮೆ ಓಗೊಡುತ್ತದೆ. ಇಲ್ಲಿ ಸ್ವರ ಹೋಯಿತು, ಹೋಯಿತು, ಹಾಗೇ ಹೋಯಿತು. ತಿರುಗಿಸಿ ಕೊಡಲು ಒಂದು ಗೋಡೆಯೂ ಇಲ್ಲದ ದೇಶ.

ಕಲ್ಲಿಗೇನೂ ಬರವಿರಲಿಲ್ಲ. ಒಂದನ್ನು ಬೈರಾಸಿನಲ್ಲಿ ಕಟ್ಟಿದೆ. ಬಾಯಿ ಮುಚ್ಚಿದೆ. ತಿರುಗಿ ನೋಡದೆ ಪಿಕಪ್ಪಿನತ್ತ ನಡೆದೆ.

ಡೇರೆ

ಇನ್ನೇನು ಗಾಡಿ ಹೊರಡಬೇಕು, ಒಂದು ಡೇರೆಯ ಕಡೆಯಿಂದ ಚಿಕ್ಕ ಹುಡುಗಿಯೊಬ್ಬಳು ಕೈ ಬೀಸುತ್ತ ಓಡಿ ಬಂದಳು. ಬೊಬ್ಬೆ ಕೇಳಿ ಯಾರಿಗೋ ಏನೋ ಆಗಿದೆ ಎಂದು ಅವರು ತಿಳಿದಿದ್ದರು. ಹಮೀದ್ ಏನೋ ಹೇಳಿ ತಪ್ಪಿಸಿಕೊಳ್ಳಲು ನೋಡಿದರು. ಆಗಲಿಲ್ಲ.

"ಕರೆದ ಮೇಲೆ ಹೋಗದಿದ್ರೆ ಇವರಿಗೆ ದೊಡ್ಡ ಅವಮಾನ ಅಕ್ಕಾ. ಒಂದು ಲೋಟ ಕುಡಿದು ಬರುವ. ನೀವು ಮಾತಾಡಬೇಡಿ, ನಾನು ಹೇಳ್ತೇನೆ."

ಆದರೆ ಅವರನ್ನು ಗಂಡಸರ ಡೇರೆಗೆ ಕರೆದುಕೊಂಡು ಹೋದರು, ನನ್ನನ್ನು ಹೆಂಗಸರದ್ದಕ್ಕೆ. ನನ್ನ ಪರವಾಗಿ ಮಾತಾಡಬೇಕಾದವರು ಬಟ್ಟೆಯ ಆಚೆ ಉಳಿದರು.

ಒಳಗೆ ಇಬ್ಬರು ಸೊಸೆಯಂದಿರು, ನಾಲ್ಕೈದು ಮಕ್ಕಳು, ನಡುವೆ ಒಬ್ಬಳು ಮುದುಕಿ. ಮುದುಕಿಯ ಮೂಗು ಹಣೆ ಮುಚ್ಚುವಂತೆ ಹೊಳೆಯುವ ಬಟ್ಟೆಯ ಮುಖವಾಡ. ಏನೇನೋ ಕೇಳಿದರು. ನಾನು ತುಟಿ ಬಿಚ್ಚಲಿಲ್ಲ. ಒಬ್ಬಳು ಸೊಸೆ ತನ್ನ ನಾಲಿಗೆ ಮುಟ್ಟಿ ತೋರಿಸಿ, ಇನ್ನೊಬ್ಬಳಿಗೆ ಏನೋ ಹೇಳಿ, ಚ್ಚು ಚ್ಚು ಎಂದಳು. ಮೂಗಿ ಎಂದು ತೀರ್ಮಾನವಾಯಿತು. ಆಮೇಲೆ ಅವರ ಪ್ರೀತಿ ಹೇಳಿ ಸುಖವಿಲ್ಲ. ಖರ್ಜೂರ, ಹಲ್ವಾ, ಒಂದು ತಟ್ಟೆಯಷ್ಟು ಅನ್ನ, ಅದರ ಮೇಲೆ ಕುರಿಯ ದೊಡ್ಡ ತುಂಡು. ಮೂಗಿಗೆ ಕಿವಿಯೂ ಕೇಳುವುದಿಲ್ಲ ಎಂದು ಪ್ರತಿಯೊಂದನ್ನೂ ಕಿರುಚಿ ಕೊಟ್ಟರು. ಟಿವಿಯಲ್ಲಿ ಯಾರೋ ಕುಣಿಯುತ್ತಿದ್ದರು. ಮರಗೂಟದ ಮೇಲೆ ಗಿಡುಗ ಟೊಪ್ಪಿ ಹಾಕಿಕೊಂಡು ಕೂತಿತ್ತು. ಆ ಇಡೀ ಡೇರೆಯಲ್ಲಿ ಮರ್ಯಾದೆಯಿಂದ ಇದ್ದದ್ದು ಅದೊಂದೇ ಎಂದುಕೊಂಡೆ.

ಆಚೆಯಿಂದ ಹಮೀದರ ಸ್ವರ ಕೇಳುತ್ತಿತ್ತು. ಮಧ್ಯೆ ಒಮ್ಮೆ 'ವಿಶ್ವ' ಎಂದದ್ದು ಗೊತ್ತಾಯಿತು. ಮುದುಕಿಗೂ ಕೇಳಿತು. ಅವಳು ಸೊಸೆಯಂದಿರನ್ನು ಸುಮ್ಮನಿರಿಸಿ ನನ್ನ ಹತ್ತಿರ ಸರಿದು ಕೂತಳು. ಅವಳು ಕಾಯಿಲೆಗೆಂದು ಎರಡು ಸಲ ಬೊಂಬಾಯಿಗೆ ಹೋಗಿದ್ದವಳಂತೆ. ಅಲ್ಲಿ ಕಲಿತ ಮುರುಕು ಹಿಂದಿಯನ್ನು ನನ್ನ ಶಾಲೆಯ ಹಿಂದಿಗಿಂತ ಧೈರ್ಯವಾಗಿ ಆಡಿದಳು.

"ಪಾನಿ ವಾಲಾ? ತುಮ್ ಉಸ್ಕಾ ಬಹನ್?"

ತಲೆ ಆಡಿಸಿದೆ.

ಅವಳು ನನ್ನ ಕೈ ಹಿಡಿದು ಎಬ್ಬಿಸಿ, ಡೇರೆಯ ಹಿಂದಿನ ಅಂಚನ್ನು ಎತ್ತಿ ಹೊರಗೆ ತೋರಿಸಿದಳು. ಇಪ್ಪತ್ತು ಹೆಜ್ಜೆ ಆಚೆ, ಕಲ್ಲಿನ ನೆಲ. ಉಳಿದ ನೆಲಕ್ಕೂ ಅದಕ್ಕೂ ಒಂದು ಕೂದಲಿನ ವ್ಯತ್ಯಾಸವಿಲ್ಲ.

ಅಲ್ಲಿ, ಎಂದಳು. ನಾವು ಪ್ರತಿ ವರ್ಷ ಇದೇ ಜಾಗದಲ್ಲೇ ಡೇರೆ ಹಾಕುವುದು. ಅಂದು ಬೆಳಿಗ್ಗೆ ಗಂಡಸರು ದೋಹಾಕ್ಕೆ ಕೆಲಸಕ್ಕೆ ಹೋಗಿದ್ದರು. ನಿನ್ನ ತಮ್ಮ ನೀರು ಬಿಟ್ಟ, ಪೈಪು ಸುತ್ತಿದ, ಆಮೇಲೆ ಗಾಡಿ ಹತ್ತಲಿಲ್ಲ. ಚಕ್ರಕ್ಕೆ ಒರಗಿ ಕೂತ. ಸೊಸೆಯಂದಿರು ಹೋಗಬೇಡ ಎಂದರು. ನಾನು ಹೋದೆ. ನನಗೆ ಎಪ್ಪತ್ತು, ನನ್ನನ್ನು ಯಾರು ಏನೆನ್ನುತ್ತಾರೆ? ಅವನ ತುಟಿ ಒಣಗಿತ್ತು. ಬೋಗುಣಿಯಲ್ಲಿ ನೀರು ತಂದೆ, ಅವನೇ ಆಗಷ್ಟೇ ತಂದ ನೀರು.

"ಕುಡಿದನಾ?"

ಅದು ನನ್ನ ಬಾಯಿಯಿಂದ ಬಂದದ್ದು. ಅದೂ ತುಳುವಿನಲ್ಲಿ. ಸೊಸೆಯೊಬ್ಬಳು ಲೋಟ ಕೈಬಿಟ್ಟಳು. ಮೂಗಿ ಮಾತಾಡಿದ್ದಕ್ಕೆ ಇನ್ನೊಬ್ಬಳು ದೇವರ ಹೆಸರು ಹೇಳಿದಳು. ನಾನು ಮತ್ತೆ ಹಿಂದಿಯಲ್ಲಿ ಕೇಳಿದೆ. "ಪಿಯಾ? ಉಸ್ನೆ ಪಿಯಾ?"

"ಪಿಯಾ," ಎಂದಳು ಮುದುಕಿ. ಎರಡು ಬೆರಳು ಎತ್ತಿದಳು. ಎರಡು ಗುಟುಕು. ಮೂರನೆಯದು ಗಲ್ಲದ ಮೇಲೆ ಹರಿಯಿತು. ತನ್ನ ಕೈಯನ್ನು ತೊಟ್ಟಿಲ ಹಾಗೆ ಮಾಡಿ, ತಲೆಯನ್ನು ಹೇಗೆ ಹಿಡಿದಿದ್ದಳೆಂದು ತೋರಿಸಿದಳು. ಆ ತಲೆ ಭಾರವಾಗುವ ತನಕ ಹಿಡಿದೇ ಇದ್ದಳಂತೆ. ಮತ್ತೂ ಸ್ವಲ್ಪ ಹೊತ್ತು ಹಿಡಿದಿದ್ದಳಂತೆ. ದೂರದಲ್ಲಿ ಕಸದ ಲಾರಿ ಬರುವುದು ಕಂಡಾಗ, ಗಂಡಸು ಬಂದನಲ್ಲ ಎಂದು ಮೆಲ್ಲನೆ ಮಲಗಿಸಿ ಒಳಗೆ ಬಂದಳು.

ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಯಾರು ಕೇಳಿದರು?" ಎಂದಳು. "ಅವರು ನನ್ನ ಮಕ್ಕಳನ್ನು ಕೇಳಿದರು, ನೀವು ಇದ್ದಿರಾ ಅಂತ. ಮಕ್ಕಳು ಇರಲಿಲ್ಲ ಎಂದರು. ಬರೆದುಕೊಂಡು ಹೋದರು."

ನಮ್ಮ ಕಡೆಯ ಶಾನುಭೋಗನೂ ಹಾಗೇ ಬರೆಯುತ್ತಿದ್ದ. ಅದರಲ್ಲಿ ಮಾತ್ರ ಎರಡು ದೇಶಗಳಿಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ಹೊರಗೆ ಬಂದು ಹಮೀದರಿಗೆ ಹೇಳಿದೆ. ಅವರು ಆ ಜಾಗವನ್ನೂ ಟಾಕಿಯನ್ನೂ ಮತ್ತೆ ಮತ್ತೆ ನೋಡಿದರು. "ನಾನು ಬಂದಾಗ ಗಲ್ಲ, ಅಂಗಿ ಎಲ್ಲ ಒದ್ದೆ ಇತ್ತು ಅಕ್ಕಾ," ಎಂದರು. "ಬೆವರು ಅಂತ ತಿಳಿದೆ. ಚಳಿಗಾಲದಲ್ಲಿ ಎಂತ ಬೆವರು. ನನಗೆ ತಲೆಗೇ ಹೋಗಲಿಲ್ಲ." ಅವರು ತಲೆಗೆ ಕಟ್ಟಿದ ಬಟ್ಟೆಯಿಂದ ಮುಖ ಒರೆಸಿಕೊಂಡರು. "ಇನ್ನೊಮ್ಮೆ ಕರೀತೀರಾ? ಇಲ್ಲಿಂದ?"

ನಿಂತೆ. ಕ್ರಮ ಮುರಿದಾಗಿತ್ತು. ಮತ್ತೆ ಕರೆಯಲಿಲ್ಲ. ಬೈರಾಸಿನ ಗಂಟು ಬಿಚ್ಚಿ ಕಲ್ಲನ್ನು ಅದರ ಬಂಧುಬಳಗದ ನಡುವೆ ಹಾಕಿದೆ. ಗಾಳಿ ತಣ್ಣಗಿತ್ತು. ಕೂರಲು ಜಾಗ ಬೇಕಾದಷ್ಟಿತ್ತು. ಏನು ಕಂಡನೋ ಅವನು ಇಲ್ಲಿ, ನನಗಂತೂ ಏನೂ ಕಾಣಲಿಲ್ಲ. "ನಾನು ಹೊರಟೆ ವಿಶು," ಎಂದಷ್ಟೇ ಹೇಳಿ ಗಾಡಿ ಹತ್ತಿದೆ.

ಮನೆ

ಗುರಿಕಾರರು ಕೇಳಿ ತಲೆ ಆಡಿಸಿದರು. ಜಾಗವೂ ತಪ್ಪು, ಮಾತೂ ಆಡಿದ್ದು, ಕಲ್ಲೂ ಇಲ್ಲ. ಹೋದದ್ದು ದಂಡ. ಇನ್ನೊಮ್ಮೆ ಹೋಗಬೇಕಾದೀತು ಎಂದರು. ಇಷ್ಟು ಸುಲಭವಾಗಿ ಕತಾರಿಗೆ ಕಳಿಸುವವರನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಅಮ್ಮ ಅವರ ಮಾತು ಕೇಳಿಸಿಕೊಳ್ಳಲಿಲ್ಲ. ನನ್ನನ್ನು ಅಡುಗೆಮನೆಯ ಮೆಟ್ಟಿಲಿನಲ್ಲಿ ಕೂರಿಸಿ ಒಂದೇ ವಿಷಯವನ್ನು ಮೂರು ನಾಲ್ಕು ಸಲ ಹೇಳಿಸಿದಳು. ಬೋಗುಣಿ ಎಷ್ಟು ದೊಡ್ಡದು? ತಲೆ ಎತ್ತಿ ಹಿಡಿದೇ ಕುಡಿಸಿದಳಾ? ಎರಡು ಗುಟುಕು ಸರಿಯಾಗಿ ಒಳಗೆ ಹೋಯಿತಂತಾ? ಎಲ್ಲಕ್ಕೂ ಹೌದು ಎಂದೆ. ಗೊತ್ತಿಲ್ಲದ್ದಕ್ಕೂ ಹೌದು ಎಂದೆ.

"ಹಾಗಾದ್ರೆ ಅವನಿಗೆ ಬಾಯಾರಿಕೆ ಇಲ್ಲ," ಎಂದಳು. "ಬಾಯಾರದವನನ್ನು ಕರೆಯೋದು ಎಂತಕ್ಕೆ? ದಾರಿ ಗೊತ್ತಿಲ್ಲದ ಮಗುವಾ ಅವನು? ಬೇಕಾದಾಗ ಬರ್ತಾನೆ."

ಅಂದು ಮಧ್ಯಾಹ್ನ ಯಾರನ್ನೂ ಕೇಳದೆ ಎಲೆ ಹಾಕಿದಳು. ಅನ್ನ, ಬಂಗುಡೆ ಗಸಿ, ಒಂದು ಲೋಟ ನೀರು. ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದಳು. ಅದು ಯಾರಿಗೆ ಎಂದು ಕೇಳಿದೆ.

"ಆ ಮುದುಕಿಗೆ. ಬದುಕಿದ್ದವರಿಗೆ ಹಾಕಬಾರದು ಅಂತ ಗುರಿಕಾರರು ಹೇಳ್ತಾರೆ, ಹೇಳ್ಲಿ. ನೀನು ಊಟ ಮಾಡು ಅದರಲ್ಲಿ, ಅವಳ ಬದಲಿಗೆ." ಬಡಿಸುವ ಸೌಟನ್ನು ಹಿಡಿದು ನನ್ನ ಮುಖ ನೋಡಿದಳು. "ಬಡಿಸುವ ಮೊದಲು ಹೆಸರು ಹೇಳಬೇಕು. ಅವಳ ಹೆಸರೇನು?"

ಆ ಡೇರೆಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಕೂತಿದ್ದೆ. ಅವರ ಗಂಬಳಿ, ಅವರ ಟಿವಿ, ಗಿಡುಗದ ಟೊಪ್ಪಿಯ ಬಣ್ಣ ಎಲ್ಲ ನನಗೆ ನೆನಪಿತ್ತು.

"ಕೇಳಲಿಲ್ಲ," ಎಂದೆ.

ಅಮ್ಮ ಸೌಟನ್ನು ಪಾತ್ರೆಗೆ ಇಳಿಸಿದಳು.

"ಅಷ್ಟು ದೂರ ಹೋದವಳು," ಎಂದಳು, "ಹೆಸರು ಕೇಳಲಿಲ್ಲವಾ?"